ನಂಗೆ ಪೊಟ್ಯಾಶಿಯಂ ಏರಿಸಿದ್ದು, ಅದೇ ಒಲೆ ಮೇಲೆ ಅಪ್ಪಂಗೆ ಇಳಿಸಿದ್ದು - ನನ್ನ ಅನುಭವ

"ಊಟದಿಂದೆಲ್ಲ ಬಿಪಿ ಇಳಿಯಲ್ಲ, ಸುಮ್ನೆ ಮಾತ್ರೆ ಡೋಸ್ ಏರಿಸ್ಕೊ" ಅಂದವರೇ ಈಗ ಫೋನ್ ಮಾಡಿ ಏನ್ ತಿಂತಿದ್ದೀಯ ಅಂತ ಕೇಳ್ತಿದ್ದಾರೆ, ಅದಕ್ಕೇ ಒಂದೇ ಸಲ ಬರೆದು ಹಾಕ್ತಿದ್ದೀನಿ. ನಾನು ಮಾಡಿದ್ದು ಇಷ್ಟೇ, ಬಿಪಿ ಇಳಿಸೋಕೆ ನೆರವಾಗೋ ಪೊಟ್ಯಾಶಿಯಂ ಅನ್ನೋ ಖನಿಜ ಊಟದಲ್ಲಿ ಜಾಸ್ತಿ ಮಾಡಿದ್ದು. ಶುರು ಮಾಡಿದಾಗ ಬಿಪಿ ಮಾತ್ರೆ ಅಮ್ಲೋಡಿಪಿನ್ 5 ಮಿ.ಗ್ರಾಂ ತಗೊಂಡೂ 150/95ರ ಆಸುಪಾಸು ಇತ್ತು. ಈಗಲೂ ಅದೇ 5, ಆದ್ರೆ ಬೆಳಗಿನ ರೀಡಿಂಗ್ 130/84ರ ಹತ್ರ ನಿಂತು ಹೆಚ್ಚುಕಮ್ಮಿ ಒಂದು ವರ್ಷ ಆಯ್ತು. ಉಪ್ಪನ್ನೂ ಅರ್ಧಕ್ಕೆ ಇಳಿಸಿದ್ದೀನಿ, ಹಾಗಾಗಿ ಪೂರ್ತಿ ಕ್ರೆಡಿಟ್ ಪೊಟ್ಯಾಶಿಯಂ ಒಂದಕ್ಕೇ ಕೊಡಲ್ಲ. ಆದ್ರೆ ಅದಕ್ಕೂ ಮುಂಚೆ ಬರೀ ಉಪ್ಪು ಕಮ್ಮಿ ಮಾಡಿ ಆರೇಳು ತಿಂಗಳು ನೋಡಿದ್ದೆ, ನಾಲ್ಕೈದು ಪಾಯಿಂಟ್ ಇಳಿದು ಅಲ್ಲೇ ನಿಂತುಬಿಟ್ಟಿತ್ತು. ಎರಡೂ ಜೊತೆಗೆ ಮಾಡಿದಾಗಲೇ ಕೆಲಸ ಆಗಿದ್ದು.

ಕ್ರಿಯಾಟಿನಿನ್, ಇಜಿಎಫ್‌ಆರ್ (ಇವೆರಡೂ ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತೆ ಅಂತ ತೋರಿಸೋ ಟೆಸ್ಟ್), ರಕ್ತದ ಪೊಟ್ಯಾಶಿಯಂ ಮೂರೂ ನೋಡಿಸಿ ಡಾಕ್ಟರ್ ಹ್ಞೂಂ ಅಂದ ಮೇಲೇ ಶುರು ಮಾಡಿದ್ದು. ಇದನ್ನ ಬಿಟ್ಟು ಕೆಳಗಿನ ಒಂದು ಸಾಲನ್ನೂ ಯಾರೂ ಮಾಡೋಕೆ ಹೋಗ್ಬೇಡಿ. ತಿಂದ ಪೊಟ್ಯಾಶಿಯಂನಲ್ಲಿ ಬಹುಪಾಲು ಆಚೆ ಹಾಕೋದು ಕಿಡ್ನಿನೇ, ಅದು ಸೋತಿದ್ರೆ ಈ ಲೆಕ್ಕ ಎಲ್ಲ ಉಲ್ಟಾ ಹೊಡೆಯುತ್ತೆ. ಅದು ಹೇಗೆ ಅಂತ ನಮ್ಮ ಮನೆಯಲ್ಲೇ ನೋಡಿದ್ದೀನಿ, ಮುಂದೆ ಹೇಳ್ತೀನಿ.

ಮೊದಲು ದುಡ್ಡು ಹೋಗಿದ್ದು ಪೊಟ್ಯಾಶಿಯಂ ಮಾತ್ರೆಗೆ. ಜಿಮ್ ಸ್ನೇಹಿತನೊಬ್ಬ ಹೇಳಿದ ಅಂತ ಹೊರಗಡೆಯಿಂದ ತರಿಸಿದ ಬಾಟಲಿ, ಒಂದೊಂದು ಮಾತ್ರೆಲಿ ಇರೋದು 99 ಮಿ.ಗ್ರಾಂ. ಡಬ್ಲ್ಯುಎಚ್‌ಒ ದೊಡ್ಡವರಿಗೆ ದಿನಕ್ಕೆ ಕನಿಷ್ಠ 3510 ಮಿ.ಗ್ರಾಂ ಅನ್ನುತ್ತೆ, ನನ್ನ ಊಟದಲ್ಲಿ ಬರ್ತಿದ್ದಿದ್ದು ಅದರ ಅರ್ಧ ಇರಬಹುದು. ಆ ಗುಂಡಿ ತುಂಬಬೇಕಂದ್ರೆ ದಿನಾ ಹದಿನೆಂಟು ಮಾತ್ರೆ ನುಂಗಬೇಕು, ಬಾಟಲಿ ಒಂದು ವಾರ ಬರಲ್ಲ, ಮೇಲಿಂದ ಹೊಟ್ಟೆ ಉರಿ ಬೇರೆ. ಪೊಟ್ಯಾಶಿಯಂ ಕ್ಲೋರೈಡ್ ಒಂದೇ ಜಾಗದಲ್ಲಿ ಗಟ್ಟಿಯಾಗಿ ಕರಗಿದ್ರೆ ಕರುಳಲ್ಲಿ ಹುಣ್ಣೇ ಆಗಬಹುದು, ದೊಡ್ಡ ಡೋಸ್ ಡಾಕ್ಟರ್ ಬರೆದುಕೊಟ್ರೆ ಮಾತ್ರ ತಗೋಬೇಕು. ಅರ್ಧ ಬಾಟಲಿ ಹಾಗೇ ಉಳೀತು. ಆಮೇಲೆ ಪ್ಯಾಕೆಟ್ ಎಳನೀರು, ಅದು ಕೆಲಸ ಮಾಡ್ತು, ಆದ್ರೆ ತಿಂಗಳ ಖರ್ಚು ಕೂಡಿಸಿ ನೋಡಿದಾಗ ಬಿಪಿ ಮಾತ್ರೆಗೆ ಕೊಡೋದರ ಹತ್ತು ಪಟ್ಟು ಆಗ್ತಿತ್ತು.

ಕೊನೆಗೆ ಕೈ ಹಿಡಿದಿದ್ದು ಎಲ್ಲಕ್ಕಿಂತ ಅಗ್ಗದ್ದೇ. ಬೇಯಿಸಿದ ಬಿಳಿ ಬೀನ್ಸ್ ಕಾಳು ಒಂದು ಕಪ್ಪಿಗೆ 1000 ಮಿ.ಗ್ರಾಂ, ಬೇಳೆ ಕಪ್ಪಿಗೆ 700, ಬೇಯಿಸಿದ ಪಾಲಕ್ ಕಪ್ಪಿಗೆ 800, ಸಿಪ್ಪೆ ಸಮೇತ ಸುಟ್ಟ ಆಲೂಗಡ್ಡೆ ಒಂದು ಮಧ್ಯಮ ಗಾತ್ರದ್ದಾದ್ರೆ 900ರ ತನಕ, ಮೊಸರು ಕಪ್ಪಿಗೆ 400, ಎಲ್ಲ ಅಂದಾಜು. ಪೊಟ್ಯಾಶಿಯಂ ಅಂದ ಕೂಡಲೇ ಎಲ್ಲರೂ ಬಾಳೆಹಣ್ಣು ಅಂತಾರೆ, ಅದರಲ್ಲಿ 400 ಇದ್ರೆ ಹೆಚ್ಚು, ತೂಕಕ್ಕೆ ತೂಕ ಹಾಕಿದ್ರೂ ಸಿಪ್ಪೆ ಸಮೇತ ಸುಟ್ಟ ಆಲೂಗಡ್ಡೆಲೇ ಜಾಸ್ತಿ. ನಾನು ಮಧ್ಯಾಹ್ನ ಕಾಳು, ರಾತ್ರಿ ಸೊಪ್ಪು ಇಲ್ಲಾ ಆಲೂಗಡ್ಡೆ, ಮಧ್ಯೆ ಮೊಸರು, ಒಂದು ಹಣ್ಣು ಅಂತ ಇಡೀ ದಿನಕ್ಕೆ ಹಂಚಿಬಿಟ್ಟೆ. ಪಾಲಕ್ ಮಾತ್ರ ದಿನಾ ಬೇಡ, ಕಿಡ್ನಿ ಕಲ್ಲು ಆದವರಿಗೆ ಅದರ ಆಕ್ಸಲೇಟ್ ಆಗಿಬರಲ್ಲ.

ಆಪ್‌ನಲ್ಲಿ ಬರೆದುಕೊಂಡ ಲೆಕ್ಕ ನಂಬೋಕಾಗಲ್ಲ ಅಂತ 24 ಗಂಟೆ ಮೂತ್ರದ ಟೆಸ್ಟ್ ಮಾಡಿಸಿದೆ. ಕ್ಯಾನ್ ಹಿಡ್ಕೊಂಡು ಓಡಾಡಬೇಕು, ದುಡ್ಡೂ ಜಾಸ್ತಿ, ಮನೆಯವರಿಗೆಲ್ಲ ನಗು. ಆದ್ರೆ ನಾನು ಖರ್ಚು ಮಾಡಿದ್ದರಲ್ಲಿ ಅತ್ಯಂತ ಉಪಯೋಗಕ್ಕೆ ಬಂದಿದ್ದು ಇದೇ. ರಿಪೋರ್ಟ್ ಎಂಮೋಲ್ (ಮಿಲಿಮೋಲ್) ಅನ್ನೋ ಅಳತೆಲಿ ಬರುತ್ತೆ, ಪೊಟ್ಯಾಶಿಯಂಗೆ 39ರಿಂದ ಸೋಡಿಯಂಗೆ 23ರಿಂದ ಗುಣಿಸಿದ್ರೆ ಮಿಲಿಗ್ರಾಂ. ಮೊದಲ ಸಲ ಪೊಟ್ಯಾಶಿಯಂ 45ರ ಹತ್ರ, ಅಂದ್ರೆ 1750. ಕಾಳು ಶುರು ಮಾಡಿ ಮೂರ್ನಾಲ್ಕು ತಿಂಗಳಾದ ಮೇಲೆ 80 ದಾಟಿತ್ತು, 3100 ಚಿಲ್ಲರೆ. ಒಂದು ಪಾಲು ಮಲದಲ್ಲೂ ಬೆವರಲ್ಲೂ ಹೋಗೋದ್ರಿಂದ ತಿಂದಿದ್ದು ಅದಕ್ಕಿಂತ ಜಾಸ್ತಿನೇ ಇರುತ್ತೆ. ಬಿಪಿ ಇಳಿಯೋಕೆ ಶುರುವಾಗಿದ್ದೂ ಆ ತಿಂಗಳುಗಳಲ್ಲೇ.

ಮಧ್ಯೆ ಒಂದು ಹೆದರಿಕೆ ಆಯ್ತು. ರಕ್ತದ ರಿಪೋರ್ಟ್‌ನಲ್ಲಿ ಪೊಟ್ಯಾಶಿಯಂ 5.9 ಅಂತ ಬಂತು, ನಾರ್ಮಲ್ 3.5ರಿಂದ 5. ಚಿಕ್ಕಪ್ಪ "ನಾನು ಮೊದಲೇ ಹೇಳಿರ್ಲಿಲ್ವೇನೋ, ಅದು ಜಾಸ್ತಿ ಆದ್ರೆ ಹಾರ್ಟೇ ನಿಂತೋಗುತ್ತೆ" ಅಂತ ಶುರು ಮಾಡಿದ್ರು. ಅವರು ಹೇಳಿದ್ದು ಸುಳ್ಳೇನಲ್ಲ, 6, 6.5 ದಾಟಿದ್ರೆ ಹೃದಯದ ಬಡಿತ ತಪ್ಪಬಹುದು, ಕೆಲವು ಸಲ ಒಂದು ಸುಳಿವೂ ಕೊಡದೆ. ಡಾಕ್ಟರ್ ಅವತ್ತೇ ಇಸಿಜಿ ಮಾಡಿಸಿ, ಇನ್ನೊಂದು ಸ್ಯಾಂಪಲ್ ತೆಗೆಸಿದ್ರು, 4.4! ಮೊದಲ ಸ್ಯಾಂಪಲ್‌ನಲ್ಲಿ ರಕ್ತಕಣ ಒಡೆದು ಒಳಗಿನ ಪೊಟ್ಯಾಶಿಯಂ ಆಚೆ ಬಂದಿತ್ತು, ದೇಹದ ಪೊಟ್ಯಾಶಿಯಂನಲ್ಲಿ ನೂರಕ್ಕೆ 98 ಭಾಗ ಜೀವಕೋಶದ ಒಳಗೇ ಇರೋದಲ್ವಾ. ಅವತ್ತಿಂದ ರಕ್ತ ಕೊಡುವಾಗ ಮುಷ್ಟಿ ಬಿಗಿದು ಬಿಗಿದು ಬಿಡಲ್ಲ, ಅದರಿಂದಲೂ ಸಂಖ್ಯೆ ಏರುತ್ತೆ.

ಈಗ ಅಪ್ಪನ ವಿಷಯ. ಅವರಿಗೆ ಇಜಿಎಫ್‌ಆರ್ 35ರ ಹತ್ರ, ಅಂದ್ರೆ ಕಿಡ್ನಿ ಸೋತಿದೆ, ಟೆಲ್ಮಿಸಾರ್ಟನ್ ಅನ್ನೋ ಬಿಪಿ ಮಾತ್ರೆ ನಡೀತಿದೆ, ಆ ಗುಂಪಿನ ಮಾತ್ರೆಗಳೂ ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಥರದವೂ ಪೊಟ್ಯಾಶಿಯಂ ಏರಿಸುತ್ವೆ. ಯಾರೋ ಜ್ಯೂಸ್ ಒಳ್ಳೇದು ಅಂದ್ರು ಅಂತ ದಿನಾ ಎರಡು ಲೋಟ ಕಿತ್ತಳೆ ರಸ ಕುಡೀತಿದ್ರು, 5.7ಕ್ಕೆ ಹೋಗಿ ಕೂತಿತ್ತು, ಅದು ನಿಜವಾದ 5.7. ಡಾಕ್ಟರ್ ಪೊಟ್ಯಾಶಿಯಂ ಹಿಡಿಯೋ ಪುಡಿ ಕೊಟ್ರು, ಡಯಟಿಶಿಯನ್ ಪಟ್ಟಿ ಕೊಟ್ರು, ಪಟ್ಟಿಲಿ ಆಲೂಗಡ್ಡೆ ಇಲ್ಲ. ಅಪ್ಪ ಆಲೂಗಡ್ಡೆ ಇಲ್ದೆ ಊಟಾನೇ ಮುಗಿಸಲ್ಲ.

ರಾತ್ರಿಯೆಲ್ಲ ನೀರಲ್ಲಿ ನೆನೆಸಿಟ್ರೆ ಸಾಕು ಅಂತ ತುಂಬ ಜನ ಹೇಳ್ತಾರೆ, ಹೆಚ್ಚೇನೂ ಹೋಗಲ್ಲ ಅದರಿಂದ. ಕುದಿಸಬೇಕು. ಸಿಪ್ಪೆ ತೆಗೆದು ಸಣ್ಣ ಚೌಕ ಮಾಡಿ ಜಾಸ್ತಿ ನೀರಲ್ಲಿ ಕುದಿಸಿ ಬಸಿದ್ರೆ ಅರ್ಧದಷ್ಟು ಹೋಗುತ್ತೆ, ತುರಿದು ಕುದಿಸಿದ್ರೆ ಮುಕ್ಕಾಲು ಭಾಗ. ತುರಿದದ್ದು ಗಂಜಿ ಥರ ಆಗಿ ಅಪ್ಪ ತಟ್ಟೆ ಸರಿಸಿದ್ರು, ಅದನ್ನ ಮುದ್ದೆಯಾಗದ ಹಾಗೆ ಮಾಡೋಕೆ ಒಂದು ಉಪಾಯ ಕಂಡುಹಿಡಿದಿದ್ದೀನಿ, ಅದು ಸದ್ಯ ನನ್ನ ಹತ್ರನೇ ಇರಲಿ. ಬಸಿದ ನೀರು ಚೆಲ್ಲಲ್ಲ, ಅದೇ ನನ್ನ ಸೂಪು! ಅಪ್ಪಂಗೆ ಬೇಡದ್ದು ನಂಗೆ ಬೇಕು, ಒಂದೇ ಪಾತ್ರೆ, ಗ್ಯಾಸ್ ಖರ್ಚೂ ಒಂದೇ. ಡಯಟಿಶಿಯನ್‌ಗೆ ಈ ಅಳತೆ ತೋರಿಸಿದ್ಮೇಲೆ ವಾರಕ್ಕೆ ಎರಡು ಸಲ ಆಲೂಗಡ್ಡೆಗೆ ಒಪ್ಪಿಕೊಂಡ್ರು. ಜ್ಯೂಸ್ ನಿಂತಿದ್ದು, ಪುಡಿ, ಕುದಿಸಿ ಬಸಿಯೋದು ಎಲ್ಲ ಸೇರಿ ಅಪ್ಪಂದು ಈಗ 4.8ರ ಸುತ್ತ ಇದೆ.

ಕಮ್ಮಿ ಸೋಡಿಯಂ ಉಪ್ಪಿನ ವಿಷಯ ಕೇಳ್ತೀರಲ್ಲ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದ ಅಧ್ಯಯನ 2021ರಲ್ಲಿ ಹೊರಬಂತು, ಉಪ್ಪಲ್ಲಿ ಕಾಲು ಭಾಗ ಪೊಟ್ಯಾಶಿಯಂ ಕ್ಲೋರೈಡ್ ಬೆರೆಸಿದ್ದಕ್ಕೆ ಪಾರ್ಶ್ವವಾಯು ಶೇ. 14ರಷ್ಟು ಕಮ್ಮಿ ಆಯ್ತು. ಅದನ್ನ ಓದಿ ನಾನೂ ಅರ್ಧಕ್ಕರ್ಧ ಬೆರೆಸಿ ನೋಡಿದೆ, ಬಾಯಲ್ಲಿ ಲೋಹದ ಕಹಿ, ಎರಡು ಡಬ್ಬ ವೇಸ್ಟ್. ಕಾಲು ಭಾಗಕ್ಕೆ ಇಳಿಸಿ, ಹುಳಿ ಇರೋ ಅಡುಗೆಗೆ ಮಾತ್ರ ಒಲೆ ಆರಿಸಿದ ಮೇಲೆ ಹಾಕಿದ್ರೆ ಗೊತ್ತೇ ಆಗಲ್ಲ. ಇದು ನನ್ನ ತಟ್ಟೆಗೆ ಮಾತ್ರ. ಅಪ್ಪನ ಕಡೆಗೆ ಅದು ಹೋಗಲೇಬಾರದು ಅಂತ ಕೆಂಪು ಮುಚ್ಚಳದ ಡಬ್ಬದಲ್ಲಿ ಮೇಲಿನ ಅಟ್ಟಣಿಗೆಲಿ ಇಟ್ಟಿದ್ದೀನಿ. ಮನೇಲಿ ಕಿಡ್ನಿ ತೊಂದರೆ ಇರೋರು ಒಬ್ಬರಿದ್ರೂ ಆ ಉಪ್ಪನ್ನ ಎಲ್ಲರ ಅಡುಗೆಗೂ ಹಾಕ್ಬೇಡಿ, ಪ್ಯಾಕೆಟ್ ಮೇಲೆ ಹಾರ್ಟ್ ಚಿತ್ರ ಇದ್ರೂ.

ಸದ್ಯ ಕ್ಯಾರೆಟ್, ಬೀಟ್ರೂಟ್ ತುರಿದು ಕುದಿಸೋ ಪ್ರಯೋಗ ನಡೀತಿದೆ. ಬೀಟ್ರೂಟ್ ಬಸಿದ ನೀರು ಕುಡಿಯೋಕೆ ಚೆನ್ನಾಗಿದೆ, ಆದ್ರೆ ಅಪ್ಪಂಗೆ ಉಳಿದ ತುರಿ ಸಪ್ಪೆ ಸಪ್ಪೆ, ಅದಕ್ಕೆ ಇನ್ನೂ ದಾರಿ ಹುಡುಕ್ತಿದ್ದೀನಿ.