ಒಂದೇ ನಾಟಕವನ್ನು ಮತ್ತೆ ನೋಡುವ ನನ್ನ ರೂಢಿ

ನಾನು ಬಣ್ಣ ಹಚ್ಚಿದವನಲ್ಲ, ನಾಟಕ ಬರೆದವನೂ ಅಲ್ಲ. ಬ್ಯಾಂಕಿನ ಉದ್ಯೋಗದಲ್ಲಿದ್ದಾಗಲೂ ನಿವೃತ್ತಿಯ ನಂತರವೂ ಬೆಂಗಳೂರಿನ ರಂಗಮಂದಿರಗಳಲ್ಲಿ ಟಿಕೆಟ್ ಕೊಂಡು ಕುಳಿತವನು. ನೋಡುವುದಕ್ಕೂ ಅಭ್ಯಾಸ ಬೇಕು ಎಂಬುದು ನನ್ನ ನಂಬಿಕೆ. ಆ ಅಭ್ಯಾಸ ನನಗೆ ದಕ್ಕಿದ್ದು, ಮೆಚ್ಚಿದ ನಾಟಕವನ್ನು ಇನ್ನೊಮ್ಮೆ, ಸಾಧ್ಯವಾದರೆ ಬೇರೊಂದು ರಂಗಮಂದಿರದಲ್ಲಿ ನೋಡುವುದರಿಂದ.

ಮೊದಲ ಸಲ ಕಥೆಯೇ ನಮ್ಮನ್ನು ಎಳೆದುಕೊಂಡು ಹೋಗುತ್ತದೆ, ಹೋಗಲಿ ಎಂದು ಬಿಟ್ಟುಬಿಡುತ್ತೇನೆ. ಆ ನಾಟಕದ ಬಗ್ಗೆ ಏನನ್ನೂ ಓದದೆ ಹೋಗುತ್ತೇನೆ. ಎರಡನೆಯ ಸಲ ಮುಂದೇನು ಎಂಬ ಆತಂಕವಿರುವುದಿಲ್ಲವಾದ್ದರಿಂದ ಕಣ್ಣು ಮಾತನಾಡುತ್ತಿರುವ ಪಾತ್ರವನ್ನು ಬಿಟ್ಟು, ಸುಮ್ಮನೆ ಕೇಳುತ್ತ ನಿಂತಿರುವ ಪಾತ್ರದ ಕಡೆಗೆ ಹೊರಳುತ್ತದೆ. ನಟನೊಬ್ಬ ತನ್ನ ಸರದಿಗಾಗಿ ಕಾಯುತ್ತಿದ್ದಾನೆಯೋ, ನಿಜವಾಗಿ ಕೇಳಿಸಿಕೊಳ್ಳುತ್ತಿದ್ದಾನೆಯೋ ಎಂಬುದು ಅಲ್ಲಿ ಗೊತ್ತಾಗಿಬಿಡುತ್ತದೆ. "ಕಥೆ ಗೊತ್ತಿದೆಯಲ್ಲ, ಮತ್ತೇನು ನೋಡ್ತೀರಿ?" ಎಂದು ನನ್ನ ಪತ್ನಿ ಕೇಳುವುದಕ್ಕೆ ನಾನು ಕೊಡುವ ಉತ್ತರ ಇದೇ, ಅವರು ಅದನ್ನು ಇನ್ನೂ ಒಪ್ಪಿಲ್ಲ.

ಸ್ಥಳ ಬದಲಾದರೆ ನಾಟಕವೂ ಬದಲಾಗುತ್ತದೆ. 1963ರಲ್ಲಿ ಆರಂಭವಾದ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದ ಬಾಲ್ಕನಿಯಲ್ಲಿ ಕುಳಿತರೆ ಪಾತ್ರಗಳು ವೇದಿಕೆಯ ಮೇಲೆ ಎಲ್ಲಿಂದ ಎಲ್ಲಿಗೆ ಚಲಿಸುತ್ತವೆ, ಗುಂಪು ಹೇಗೆ ಒಡೆದು ಮತ್ತೆ ಕೂಡುತ್ತದೆ ಎಂಬ ನಿರ್ದೇಶಕರ ಲೆಕ್ಕಾಚಾರವೆಲ್ಲ ಕಾಣುತ್ತದೆ, ಆದರೆ ಮುಖಗಳು ದೂರ. ಅದೇ ತಂಡ ಜೆ.ಪಿ. ನಗರದ ರಂಗಶಂಕರಕ್ಕೆ ಬಂದರೆ, ಪ್ರೇಕ್ಷಕರ ನಡುವೆ ಚಾಚಿದಂತಿರುವ ಅಲ್ಲಿಯ ವೇದಿಕೆಗೆ ತಕ್ಕಂತೆ ದನಿ ತಗ್ಗಿಸಬೇಕಾಗುತ್ತದೆ; ಕಲಾಕ್ಷೇತ್ರದಲ್ಲಿ ಸರಿಯೆನಿಸಿದ್ದ ಕೈಚಲನೆ ಇಲ್ಲಿ ಅತಿಯೆನಿಸುವುದುಂಟು. ಶಂಕರ್ ನಾಗ್ ಅವರ ನೆನಪಿನಲ್ಲಿ ಅರುಂಧತಿ ನಾಗ್ ಅವರ ಶ್ರಮದಿಂದ 2004ರಲ್ಲಿ ಆರಂಭವಾದ ಈ ರಂಗಮಂದಿರದಲ್ಲಿ ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಕಟ್ಟುನಿಟ್ಟು ಹೆಚ್ಚಾಯಿತೆಂದು ಗೊಣಗುವವರಿದ್ದಾರೆ, ನನಗಂತೂ ಅದು ಬಹಳ ಹಿಡಿಸಿದೆ. ನಗರದ ವಾಹನದಟ್ಟಣೆಯನ್ನು ನೆನೆದು ಸಾಕಷ್ಟು ಮುಂಚೆಯೇ ಹೊರಟು, ಅಲ್ಲಿಯ ಕ್ಯಾಂಟೀನಿನಲ್ಲಿ ಸಾಬುದಾನಿ ವಡೆ ತಿಂದು, ವೇದಿಕೆಯ ಪಕ್ಕದ ಸಾಲಿನ ಕುರ್ಚಿ ಹಿಡಿಯುತ್ತೇನೆ. ಮಾತಿಲ್ಲದ ಪಾತ್ರಗಳು ಆ ಕಡೆಯಿಂದಲೇ ಚೆನ್ನಾಗಿ ಕಾಣುತ್ತವೆ.

ಕಲಾಕ್ಷೇತ್ರದ ಹಿಂಬದಿಯ ಸಂಸ ಬಯಲು ರಂಗಮಂದಿರದ್ದು ಬೇರೆಯೇ ಪರೀಕ್ಷೆ. ನಿರ್ದೇಶಕ ಬಿ.ವಿ. ಕಾರಂತರು 1970ರ ದಶಕದ ಆರಂಭದಲ್ಲಿ ಆ ಬಯಲಿನಲ್ಲಿ ನಾಟಕಗಳನ್ನು ಆಡಿಸಿದ್ದು ಕನ್ನಡ ರಂಗಭೂಮಿಯ ಇತಿಹಾಸಕ್ಕೆ ಸೇರಿದೆ. ಅಲ್ಲಿ ಪಿಸುಮಾತು ರಸ್ತೆಯ ಸದ್ದಿನಲ್ಲಿ ಕಳೆದುಹೋಗುತ್ತದೆ, ಹಾಡು ಮತ್ತು ಮೇಳ ಮಾತ್ರ ಉಳಿಯುತ್ತವೆ.

ಹವ್ಯಾಸಿ ತಂಡಗಳ ನಾಟಕವಾದರೆ ಎರಡನೆಯ ನೋಟವನ್ನು ಮುಂದೂಡುವಂತಿಲ್ಲ. ಹಗಲು ಕಚೇರಿಯಲ್ಲಿ ದುಡಿದು ಸಂಜೆ ತಾಲೀಮಿಗೆ ಬರುವ ಕಲಾವಿದರ ತಂಡಗಳು ಹೆಚ್ಚು ಪ್ರಯೋಗಗಳನ್ನು ಮಾಡಲಾರವು; ಆದ್ದರಿಂದ ದಿನಪತ್ರಿಕೆಯ ನಗರ ಕಾರ್ಯಕ್ರಮಗಳ ಪಟ್ಟಿಯನ್ನು ನೋಡದೆ ನನ್ನ ಬೆಳಗಿನ ಕಾಫಿ ಮುಗಿಯುವುದಿಲ್ಲ. ಮೊದಲ ಪ್ರಯೋಗದಲ್ಲಿ ಮಾತು ಬಿಗಿಯಾಗಿರುತ್ತದೆ, ಬೆಳಕು ಒಂದು ಕ್ಷಣ ತಡವಾಗಿ ಬೀಳುತ್ತದೆ. ನಂತರದ ಪ್ರಯೋಗಗಳಲ್ಲಿ ಎಲ್ಲವೂ ಹದಕ್ಕೆ ಬರುತ್ತದೆ ಎನ್ನಲೂ ಆಗದು: ಪ್ರೇಕ್ಷಕರು ನಕ್ಕ ಜಾಗದಲ್ಲೆಲ್ಲ ಹಾಸ್ಯ ಉಬ್ಬಿ, ದೃಶ್ಯದ ನಡೆ ಕುಂಟುವುದನ್ನೂ ಕಂಡಿದ್ದೇನೆ. ಪಾಸು ಕೇಳುವ ಅಭ್ಯಾಸವನ್ನು ನಾನು ಇಟ್ಟುಕೊಂಡಿಲ್ಲ. ಇಂಥ ತಂಡಗಳಿಗೆ ನಮ್ಮ ಟಿಕೆಟ್ಟಿನ ಹಣವೇ ಮುಂದಿನ ನಾಟಕದ ಬಂಡವಾಳ.

ಮರುನೋಟ ನಮ್ಮ ಪರಂಪರೆಗೆ ಹೊಸದೇನಲ್ಲ. ಕಂಪನಿ ನಾಟಕಗಳಲ್ಲಿ ಪ್ರೇಕ್ಷಕರು "ಒನ್ಸ್ ಮೋರ್" ಎಂದು ಕೂಗಿದರೆ ನಟರು ಅದೇ ರಂಗಗೀತೆಯನ್ನು ಮತ್ತೆ ಹಾಡುತ್ತಿದ್ದರು. ಯಕ್ಷಗಾನದಲ್ಲಂತೂ ಮರುನೋಟವಿಲ್ಲದೆ ರುಚಿಯೇ ಹತ್ತದು. ಕರಾವಳಿಯ ಮೇಳಗಳು ಮಳೆಗಾಲಕ್ಕೆ ತಿರುಗಾಟ ನಿಲ್ಲಿಸಿದಾಗ ಅನೇಕ ಕಲಾವಿದರು ಬೆಂಗಳೂರಿಗೆ ಬಂದು ಕಲಾಕ್ಷೇತ್ರದಲ್ಲಿ ರಾತ್ರಿಯಿಡೀ ಆಟವಾಡುವುದುಂಟು. ಭಾಗವತರು ಹಾಡುವ ಪದ್ಯ, ಪ್ರಸಂಗದಲ್ಲಿ ಅಂದರೆ ಆಟದ ಪದ್ಯರೂಪದ ಕೃತಿಯಲ್ಲಿ ಬರೆದಂತೆಯೇ ಇರುತ್ತದೆ, ಆದರೆ ಅರ್ಥವನ್ನು, ಅಂದರೆ ಪದ್ಯವನ್ನು ಬಿಡಿಸಿ ಆಡುವ ಮಾತನ್ನು, ಕಲಾವಿದರು ರಂಗದ ಮೇಲೆಯೇ ಹೊಳೆದಂತೆ ಹೇಳುತ್ತಾರೆ. ಎದುರು ವೇಷಧಾರಿ ಬದಲಾದರೆ ವಾದದ ಜಾಡೇ ಬದಲಾಗುತ್ತದೆ. ಹಾಗಾಗಿ ಮಧ್ಯಾಹ್ನ ನಿದ್ದೆ ಮಾಡಿ ಹೋಗಿ, ಈ ಸಲದ ಕೌರವ ಭೀಮನಿಗೆ ಯಾವ ಮಾತಿನಿಂದ ಉತ್ತರಿಸುತ್ತಾನೆಂದು ಕಾಯುತ್ತೇನೆ.

ಎಲ್ಲ ನಾಟಕಗಳಿಗೂ ಈ ಕ್ರಮ ಸಲ್ಲದು. ಕೊನೆಯ ತಿರುವನ್ನೇ ನಂಬಿದ ನಾಟಕ ಎರಡನೆಯ ಸಲಕ್ಕೆ ಬರಿದಾಗುತ್ತದೆ. ಅಂಥದ್ದಕ್ಕೆ ಒಂದು ಸಂಜೆ ಸಾಕು. ಕಾವ್ಯ, ಸಂಗೀತ ಅಥವಾ ವಾದವನ್ನು ಆಧರಿಸಿದ ನಾಟಕಗಳಿಗೆ ಮರುಪ್ರಯೋಗದ ಸುದ್ದಿ ಸಿಕ್ಕ ಕೂಡಲೇ ಟಿಕೆಟ್ ತೆಗೆದಿಡುತ್ತೇನೆ, ನಾಟಕವನ್ನು ಇನ್ನೂ ನೋಡಿರದ ಒಬ್ಬರು ಜೊತೆಗಿದ್ದರೆ ಒಳ್ಳೆಯದೆಂದು ಎರಡನ್ನು.