ತೇಗದ ಅಗಲ ಹಲಗೆ ದೋಣಿಯಂತೆ ಬಾಗಿತ್ತು, ಸರಿಯಾದದ್ದು ಹೀಗೆ

ಮಡಿಕೇರಿಯ ಮನೆ, ನೆಲಮಟ್ಟದ ಕೋಣೆ, ನೆಲಕ್ಕೆ ಹಾಸಿದ್ದು 7 ಇಂಚು ಅಗಲದ ತೇಗದ ಹಲಗೆ. ಜುಲೈನಲ್ಲಿ ಪ್ರತಿ ಹಲಗೆಯ ಅಂಚು ಎದ್ದು ನಡು ತಗ್ಗಾಯಿತು. ಗೋಲಿ ಬಿಟ್ಟರೆ ನಡುವಿನಲ್ಲೇ ಓಡುತ್ತಿತ್ತು.

ಭಾರ ಇಟ್ಟೆ, ಜಾಸ್ತಿ ಮೊಳೆ ಹೊಡೆಸಿದೆ, ಮತ್ತೆ ಪಾಲಿಶ್ ಮಾಡಿಸಿದೆ. ಊಹೂಂ. ಹಲಗೆ ಹಸಿ ಇರುವಾಗಲೇ ಒಂದು ಮೂಲೆಯಲ್ಲಿ ಎದ್ದ ಅಂಚು ಉಜ್ಜಿಸಿದ್ದು ಶುದ್ಧ ದಡ್ಡತನ: ಒಣಗಿದ ಮೇಲೆ ಅಲ್ಲಿ ನಡುವೇ ಉಬ್ಬಿತು.

ತೇವ ಬರುತ್ತಿದ್ದುದು ಕೆಳಗಿನಿಂದ. ಹಲಗೆ ಕಿತ್ತು, ಕಾಂಕ್ರೀಟಿಗೆ 2 ಅಡಿ ಚೌಕದ ಪಾಲಿಥೀನ್ ಹಾಳೆ ಇಟ್ಟು, ಸುತ್ತ ಟೇಪ್ ಅಂಟಿಸಿ 24 ಗಂಟೆ ಬಿಟ್ಟೆ. ಒಳಗೆಲ್ಲ ನೀರಹನಿ. ಹನಿ ನಿಲ್ಲುವವರೆಗೆ, ಅಂದರೆ ಫೆಬ್ರವರಿವರೆಗೆ, ಸುಮ್ನೆ ಕಾದೆ. ಆಮೇಲೆ ತೇವ ತಡೆಯಲು 2 ಕೋಟ್ ಎಪಾಕ್ಸಿ ಲೇಪ, ಅದರ ಮೇಲೆ ಪ್ಲೈವುಡ್. ಹಲಗೆಗಳನ್ನು ಅದೇ ಕೋಣೆಯಲ್ಲಿ ನಡುನಡುವೆ ರೀಪು (ಮರದ ತೆಳು ಪಟ್ಟಿ) ಕೊಟ್ಟು ಪೇರಿಸಿದೆ. ಮೀಟರಿನಲ್ಲಿ ಹಲಗೆಗೂ ಪ್ಲೈವುಡ್ಡಿಗೂ ತೇವದ ವ್ಯತ್ಯಾಸ 2%ಗಿಂತ ಕಡಿಮೆಯಾದ ಮೇಲಷ್ಟೇ ಜೋಡಿಸಿದೆ. ಹಲಗೆ ಹಿಗ್ಗಲು ಗೋಡೆಯುದ್ದಕ್ಕೂ 15 ಮಿ.ಮೀ. ಖಾಲಿ. ಸ್ಕರ್ಟಿಂಗ್‌ನ (ಗೋಡೆಯ ಬುಡದ ಪಟ್ಟಿಯ) ಮೊಳೆ ಗೋಡೆಗೆ ಮಾತ್ರ, ಹಲಗೆಗೆ ಬೇಡ.