ಜಿಪ್ಸಂ ಗೋಡೆ ಕಟ್ಟಿ ಗೋದಾಮು ಕಾಯ್ದಿದ್ದು: ನನ್ನ ಅನುಭವ

ಕಳೆದ ಎರಡು ಬೇಸಿಗೆಯಲ್ಲಿ ನನ್ನ ಗೋದಾಮಿನ ಸಿಎಎನ್ (ಕ್ಯಾಲ್ಸಿಯಂ ಅಮೋನಿಯಂ ನೈಟ್ರೇಟ್ ಗೊಬ್ಬರ) ಚೀಲ ಕಲ್ಲಾಗಿಲ್ಲ. ವಿಜಯಪುರದಲ್ಲಿ ಗೊಬ್ಬರದ ವ್ಯಾಪಾರ ಮಾಡುವವರಿಗೆ ಇದರ ಬೆಲೆ ಗೊತ್ತು. ಏಪ್ರಿಲ್-ಮೇನಲ್ಲಿ ಹೊರಗೆ 42 ಡಿಗ್ರಿ, ಪತ್ರಾಸಿನ (ತಗಡಿನ ಚಾವಣಿ) ಕೆಳಗೆ ಇನ್ನೂ ಜಾಸ್ತಿ. ಜೂನ್‌ನಲ್ಲಿ ಚೀಲ ಎತ್ತಿ ನೆಲಕ್ಕೆ ಕುಕ್ಕಿದರೂ ಒಳಗಿನ ಗಟ್ಟಿ ಒಡೆಯಲ್ಲ. ರೈತರು ಬೆರಳಲ್ಲಿ ಒತ್ತಿ ನೋಡಿ, ಏನೂ ಮಾತಾಡದೆ ಮುಂದಿನ ಅಂಗಡಿಗೆ ಹೋಗುತ್ತಾರೆ.

ನಾನು ಸಿಎಎನ್ ಮತ್ತು ಗಂಧಕದ ನಡುವೆ ಜಿಪ್ಸಂ ಚೀಲದ ಗೋಡೆ ಎಬ್ಬಿಸಿದಾಗ ಪೇಟೆಯಲ್ಲಿ ಎಲ್ಲರೂ ನಕ್ಕರು. ‘ಜಿಪ್ಸಂ ಮಾರ್ತೀರೋ, ಗ್ವಾಡಿ ಕಟ್ತೀರೋ’ ಎಂದರು. ನಮ್ಮ ಹಮಾಲರ ಮುಖ್ಯಸ್ಥನೂ ಒಪ್ಪಲಿಲ್ಲ. ‘ಸಾವ್ಕಾರ್ರ, ಇಷ್ಟ ಜಾಗಾದಾಗ ಡಿಎಪಿ ಹಚ್ಚಿದ್ರ ಇನ್ನೂ ಎರಡು ನೂರು ಚೀಲ ಕೂಡ್ತಾವು’ ಎಂದ. ಲೆಕ್ಕ ಅವನದ್ದು ಸರಿ ಇತ್ತು. ಆದರೆ ನನಗೆ ಜಾಗಕ್ಕಿಂತ ಬೆಂಕಿಯ ಚಿಂತೆ ಇತ್ತು.

ತಿಕೋಟಾ ಕಡೆ ದ್ರಾಕ್ಷಿ ಬೆಳೆಯುವವರಿಗೆ ಮಾಲು ಕೊಡುವವರ ಗೋದಾಮು ಒಮ್ಮೆ ಕಣ್ಣು ಬಿಟ್ಟು ನೋಡಿ. 13-0-45 (ಪೊಟ್ಯಾಸಿಯಂ ನೈಟ್ರೇಟ್ ಗೊಬ್ಬರ), ಕ್ಯಾಲ್ಸಿಯಂ ನೈಟ್ರೇಟ್, ಸಿಎಎನ್ ಒಂದು ಕಡೆ. 80 ಪರ್ಸೆಂಟ್ ಗಂಧಕ, ಗಂಧಕದ ಪುಡಿ ಇನ್ನೊಂದು ಕಡೆ. 13-0-45 ಅಂದರೆ ಪೆಟ್ಲುಪ್ಪೇ ಅಲ್ವಾ? ಒಂದು ಆಮ್ಲಜನಕ ಕೊಡುವ ಮಾಲು, ಇನ್ನೊಂದು ಉರಿಯುವ ಮಾಲು. ರಾಕೆಟ್‌ನ ಘನ ಇಂಧನವೂ ಇದೇ ಜೋಡಿಯ ಮೇಲೆ ನಿಂತಿದೆ. ಪಿಎಸ್‌ಎಲ್‌ವಿಯ ಮೊದಲ ಹಂತದಲ್ಲಿ ಆಮ್ಲಜನಕ ಕೊಡುವುದು ಅಮೋನಿಯಂ ಪರ್ಕ್ಲೋರೇಟ್, ಉರಿಯುವುದು ರಬ್ಬರ್ ಮತ್ತು ಅಲ್ಯೂಮಿನಿಯಂ ಪುಡಿ. ಅಂಥ ಮಾಲನ್ನು ರಾಕೆಟ್ ಮಾಡುವವರು ಎಷ್ಟು ಜೋಪಾನವಾಗಿ ಬೇರೆ ಬೇರೆ ಇಡುತ್ತಾರೆ! ನಾವು ಮಾತ್ರ ಒಂದೇ ಪತ್ರಾಸಿನ ಕೆಳಗೆ ಥಪ್ಪಿ (ಚೀಲದ ರಾಶಿ) ಹಚ್ಚಿ ಬೀಗ ಹಾಕಿ ಹೋಗುತ್ತೇವೆ.

ಮೊದಲು ಗಟ್ಟಿಯಾಗುವ ವಿಷಯ ಹೇಳಿಬಿಡುತ್ತೇನೆ. ಅಮೋನಿಯಂ ನೈಟ್ರೇಟಿನ ಹರಳು 32 ಡಿಗ್ರಿಯ ಹತ್ತಿರ ರೂಪ ಬದಲಿಸುತ್ತದೆ, ಗಾತ್ರವೂ ಬದಲಾಗುತ್ತದೆ. ಹಗಲು ಆ ಗೆರೆ ದಾಟಿ ಮೇಲೆ, ರಾತ್ರಿ ಕೆಳಗೆ. ನಮ್ಮ ಊರಿನ ಹವೆ ಸರಿಯಾಗಿ ಆ ಗೆರೆಯ ಮೇಲೇ ಆಡುತ್ತದೆ. ಪ್ರತಿ ಸಲ ಕಾಳು ಬಿರಿಯುತ್ತದೆ, ಪುಡಿಯಾಗುತ್ತದೆ, ಸ್ವಲ್ಪ ಪಸೆ ಸಿಕ್ಕರೆ ಅಂಟಿಕೊಳ್ಳುತ್ತದೆ. ರಾಕೆಟ್‌ನವರಿಗೂ ಇದೇ ತಲೆನೋವು, ಅಮೋನಿಯಂ ನೈಟ್ರೇಟ್ ಬಳಸಿದರೆ. ಇಂಧನದ ಗಟ್ಟಿಯೊಳಗೆ ಬಿರುಕು ಬಂದರೆ ಉರಿ ಬೇಡದ ಕಡೆ ನುಗ್ಗುತ್ತದೆ. ಪರ್ಕ್ಲೋರೇಟಿನ ಹರಳು ಬದಲಾಗುವುದು 240 ಡಿಗ್ರಿಯಲ್ಲಿ, ಹಾಗಾಗಿ ಅದರಲ್ಲಿ ಈ ಕಾಟ ಇಲ್ಲ.

ಹಾಗಾಗಿ ಮಾಡಬೇಕಾದದ್ದು ಇಷ್ಟೆ: ದಿನಕ್ಕೊಂದು ಸಲ ಆ ಗೆರೆ ದಾಟುವುದನ್ನು ನಿಲ್ಲಿಸಬೇಕು. ಹೇಳುವುದು ಸುಲಭ.

ಮೊದಲು ಚಾವಣಿಗೆ ತಿರುಗುವ ಗಾಳಿಯಂತ್ರ ಹಾಕಿಸಿದೆ. ನಾಲ್ಕಕ್ಕೆ ಫಿಟ್ಟಿಂಗ್ ಸೇರಿ 20 ಸಾವಿರದ ಆಸುಪಾಸು ಹೋಯಿತು. ಹಗಲೆಲ್ಲ ತಿರುಗಿ ಹೊರಗಿನ ಬಿಸಿಗಾಳಿಯನ್ನೇ ಒಳಗೆ ಎಳೆದವು. ಮಧ್ಯಾಹ್ನ ಎರಡಕ್ಕೆ ಮೇಲಿನ ಸಾಲಿನ ಚೀಲ 46-47 ತೋರಿಸುತ್ತಿತ್ತು, ಮುಂಚಿನಷ್ಟೇ. ಆಮೇಲೆ ಪತ್ರಾಸಿನ ಮೇಲೆ ಗೋಣಿ ಹಾಸಿ ನೀರು ಬಿಟ್ಟೆವು. ತಂಪೇನೋ ಆಯಿತು. ಆದರೆ ಬೋಲ್ಟಿನ ತೂತಿನಿಂದ ಹನಿ ಇಳಿಯಿತು, ಒಳಗೆ ಪಸೆ ಏರಿತು, ಕ್ಯಾಲ್ಸಿಯಂ ನೈಟ್ರೇಟ್ ಚೀಲದ ಬುಡ ಒದ್ದೆ. ಅದು ಗಾಳಿಯಲ್ಲಿ 47 ಪರ್ಸೆಂಟ್ ತೇವ ಇದ್ದರೇ ನೀರು ಕುಡಿಯುವ ಮಾಲು. ಆ ಸಲ 15-16 ಸಾವಿರದ ಮಾಲು ಕೆಟ್ಟಿತು. ಥರ್ಮಾಕೋಲ್ ಸೀಲಿಂಗ್ ಹಾಕಿಸಿ ಎಂದು ಒಬ್ಬರು ಹೇಳಿದರು. ನೈಟ್ರೇಟಿನ ತಲೆ ಮೇಲೆ ಉರಿಯುವ ಥರ್ಮಾಕೋಲಾ? ಕೇಳಿದ ಕೂಡಲೇ ಬೇಡ ಎಂದೆ.

ಕೊನೆಗೆ ಕೆಲಸಕ್ಕೆ ಬಂದದ್ದು ಮೂರು. ಪತ್ರಾಸಿಗೆ ಸುಣ್ಣ, ರಾತ್ರಿ ಗಾಳಿ, ಜಿಪ್ಸಂ.

ಬರೀ ಸುಣ್ಣ ಮೊದಲ ಮಳೆಗೇ ತೊಳೆದು ಹೋಗುತ್ತದೆ. ನಾನು ಅದರಲ್ಲಿ ಒಂದು ವಸ್ತು ಸೇರಿಸುತ್ತೇನೆ, ಎರಡು ಮಳೆಗಾಲ ತಡೆದಿದೆ. ಅದೇನೆಂದು ಇಲ್ಲಿ ಬರೆಯಲ್ಲ, ಕಷ್ಟಪಟ್ಟು ಹುಡುಕಿದ್ದು. ಖರ್ಚು 7 ಸಾವಿರ ಮೀರಲಿಲ್ಲ. ರಾತ್ರಿ ಗಾಳಿಗೆ ನೆಲದ ಮಟ್ಟದಲ್ಲಿ ಜಾಳಿಗೆ ಕಿಂಡಿ, ಎದುರು ಗೋಡೆಯ ಮೇಲ್ಗಡೆ ಇನ್ನೊಂದು. ರಾತ್ರಿ ಹತ್ತಕ್ಕೆ ತೆಗೆಯುವುದು, ಬೆಳಗ್ಗೆ ಬಿಸಿಲು ಏರುವ ಮುಂಚೆ ಗಟ್ಟಿಯಾಗಿ ಮುಚ್ಚುವುದು. ಹಗಲು ತೆಗೆಯಲೇಬಾರದು. ಮಳೆಗಾಲದಲ್ಲಿ ರಾತ್ರಿಯೂ ತೆಗೆಯಲ್ಲ.

ಇನ್ನು ಜಿಪ್ಸಂ. ಪಡುವಣ ಗೋಡೆ ನಮ್ಮ ಕಡೆ ಸಂಜೆ ಆರಕ್ಕೂ ಕೈ ಸುಡುತ್ತದೆ. ಆ ಗೋಡೆಯಿಂದ ಒಂದು ಮೊಳ ಬಿಟ್ಟು ಜಿಪ್ಸಂ ಚೀಲ ಆಳೆತ್ತರ ಹಚ್ಚಿದೆ. ಬಿಸಿ ಅದಕ್ಕೆ ತಾಗುತ್ತದೆ, ಆಚೆಯ ಸಿಎಎನ್‌ಗೆ ತಾಗಲ್ಲ. ಎರಡನೇ ಸಾಲು ನೈಟ್ರೇಟ್ ಮತ್ತು ಗಂಧಕದ ನಡುವೆ. ಜಿಪ್ಸಂ ಉರಿಯಲ್ಲ. ಅದರ ತೂಕದಲ್ಲಿ ಐದರಲ್ಲೊಂದು ಪಾಲು ಹರಳಿನೊಳಗೆ ಕೂತ ನೀರು. ನಂಬದವರು ಒಂದು ಹಿಡಿ ತವೆಯ ಮೇಲೆ ಹಾಕಿ ಕಾಯಿಸಿ, ಮೇಲೆ ತಣ್ಣನೆ ತಟ್ಟೆ ಮುಚ್ಚಿ. ತಟ್ಟೆಯ ಅಡಿಗೆ ಹನಿ ಕಟ್ಟುತ್ತದೆ. ಬೆಂಕಿ ಬಂದರೆ ಮೊದಲು ಆ ನೀರನ್ನೆಲ್ಲ ಓಡಿಸಬೇಕು, ಆಮೇಲೆ ಆಚೆ ದಾಟಬೇಕು. ಅಷ್ಟು ಹೊತ್ತು ಸಿಕ್ಕರೆ ಜನ ಹೊರಗೆ ಬರುತ್ತಾರೆ, ಅಗ್ನಿಶಾಮಕದವರಿಗೆ ಫೋನ್ ಹೋಗುತ್ತದೆ. ಚೀಲ ಪ್ಲಾಸ್ಟಿಕ್ಕಿನದು, ಅದು ಉರಿಯುತ್ತದೆ, ನಿಜ. ಅದಕ್ಕೇ ಒಂಟಿ ಸಾಲು ಸಾಲದು, ಜೋಡಿ ಸಾಲು ಬೇಕು.

ಪೊಟ್ಯಾಷ್ ಇಟ್ಟರೆ ಆಗಲ್ವಾ ಎಂದು ಬಹಳ ಜನ ಕೇಳಿದ್ದಾರೆ. ಬೇಡ. ಅದರಲ್ಲಿ ಕ್ಲೋರೈಡ್ ಇದೆ. ಅಮೋನಿಯಂ ನೈಟ್ರೇಟ್ ಬಿಸಿಯಾದಾಗ ಕ್ಲೋರೈಡ್ ಬೆರೆತಿದ್ದರೆ ಬೇಗ ಒಡೆದು ಅನಿಲ ಬಿಡುತ್ತದೆ. ಬೋರ್ಡೋ ದ್ರಾವಣಕ್ಕೆ (ಬೆಳೆಗೆ ಹೊಡೆಯುವ ಔಷಧಿ) ತರುವ ಮೈಲುತುತ್ತವನ್ನೂ ದೂರ ಇಡಿ, ಅದರೊಳಗಿನ ತಾಮ್ರವೂ ಹಾಗೇ. ಯೂರಿಯಾವಂತೂ ಹತ್ತಿರ ಬರಬಾರದು. ಒಂದು ಚಮಚ ಯೂರಿಯಾ, ಒಂದು ಚಮಚ ಸಿಎಎನ್ ಸಾಸರ್‌ನಲ್ಲಿ ಬೆರೆಸಿ ಟೇಬಲ್ ಮೇಲೆ ಇಟ್ಟಿದ್ದೆ. ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಕಾಳಿನ ಸುತ್ತ ನೀರು ನಿಂತಿತ್ತು. ಬೇರೆ ಬೇರೆ ಇದ್ದರೆ ಎರಡೂ ಒಣಗಿಯೇ ಇರುತ್ತವೆ.

ಇನ್ನೊಂದು ಪರೀಕ್ಷೆ ಮಾಡಿದ್ದು ಹಮಾಲರಿಗೆ ತೋರಿಸಲಿಕ್ಕೆ. ಬುಡದಲ್ಲಿ ಹಾಸಿದ್ದ ಗೋಣಿಗೆ ನೈಟ್ರೇಟಿನ ನೀರು ಇಳಿದು ಒಣಗಿತ್ತು. ಅದರ ಅಂಗೈಯಗಲ ಚೂರು, ಜೊತೆಗೆ ಹೊಸ ಗೋಣಿಯ ಅಷ್ಟೇ ಚೂರು, ಎರಡನ್ನೂ ಬಯಲಿಗೆ ಒಯ್ದು ಉದ್ದ ಕೋಲಿನ ತುದಿಗೆ ಕಟ್ಟಿ ಕಡ್ಡಿ ಗೀರಿದೆ. ಹೊಸದು ಹೊಗೆಯಾಡಿ ಆರಿತು. ಹಳೆಯದು ಸುರ್‌ ಎಂದು ಅಂಚಿನಿಂದ ಅಂಚಿಗೆ ಓಡಿತು, ನೀರು ಚಿಮುಕಿಸಿದರೂ ನಿಲ್ಲಲಿಲ್ಲ. ಅವತ್ತಿನಿಂದ ನೆಲಕ್ಕೆ ಗೋಣಿ ಇಲ್ಲ, ಚೆಲ್ಲಿದ್ದು ಬಳಿಯಲು ಕಟ್ಟಿಗೆಪುಡಿ ಇಲ್ಲ. ಬೀಡಿಯ ಬಗ್ಗೆ ಮತ್ತೆ ಹೇಳಬೇಕಾಗಿ ಬರಲಿಲ್ಲ.

ಅಮೆರಿಕದ ಹೆಂಡರ್ಸನ್ನಿನಲ್ಲಿ 1988ರ ಮೇ 4ರಂದು ಪರ್ಕ್ಲೋರೇಟ್ ಕಾರ್ಖಾನೆ ಸಿಡಿಯಿತು. 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ಶಟಲ್ ಸಿಡಿದ ಮೇಲೆ ಶಟಲ್ ಹಾರಾಟ ನಿಂತಿತ್ತು, ಮಾಲು ಹೋಗದೆ ಸಾವಿರಾರು ಟನ್ ಅಂಗಳದಲ್ಲೇ ಬಿದ್ದಿತ್ತು, ಬಹಳಷ್ಟು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಇಬ್ಬರು ಸತ್ತರು, ನೂರಾರು ಜನಕ್ಕೆ ಗಾಯ. ಬೈರೂತಿನಲ್ಲಿ 2020ರಲ್ಲಿ ಸಿಡಿದ 2750 ಟನ್ ಅಮೋನಿಯಂ ನೈಟ್ರೇಟೂ ವರ್ಷಗಟ್ಟಲೆ ಕೂತ ಮಾಲೇ. ನಮ್ಮದು ಅದರ ಮುಂದೆ ಚಿಟಿಕೆಯಷ್ಟು. ಆದರೆ ಮಾಲು ಕೂತಷ್ಟೂ ಅಪಾಯ ಎಂಬುದು ಇಬ್ಬರಿಗೂ ಒಂದೇ. ನನ್ನಲ್ಲಿ ಹಳೆ ನೈಟ್ರೇಟ್ ಹೊಸ ಲೋಡಿನ ಹಿಂದೆ ಕೂರುವುದಿಲ್ಲ, ಗೋದಾಮಿನಲ್ಲಿ ಮಾಲಿರುವಾಗ ವೆಲ್ಡಿಂಗ್ ನಡೆಯುವುದಿಲ್ಲ.

ಈಗ ಮೇ ಮಧ್ಯಾಹ್ನ ಮೇಲಿನ ಚೀಲ 35-36, ಥಪ್ಪಿಯ ನಡುವೆ ಕೈ ತೂರಿಸಿ ಅಳೆದರೆ ಹಗಲು ರಾತ್ರಿ 30-31. ಗೆರೆ ದಾಟುವುದು ಹೊರಸಾಲು ಮಾತ್ರ, ಅದನ್ನು ಮೊದಲು ಮಾರುತ್ತೇನೆ. ಜಿಪ್ಸಂಗೆ ಹಾಕಿದ 35-40 ಸಾವಿರವೂ ಸುಮ್ನೆ ಕೂತಿಲ್ಲ. ಸವಳು ಭೂಮಿಯವರು ಕೇಳಿದಾಗ ಗೋಡೆಯಿಂದಲೇ ಕೊಡುತ್ತೇನೆ, ಅದೇ ದಿನ ಹೊಸದು ಹಚ್ಚಿಸುತ್ತೇನೆ. ನಕ್ಕವರಲ್ಲಿ ಇಬ್ಬರು ಈ ವರ್ಷ ಬಂದು ಅಳತೆ ತೆಗೆದುಕೊಂಡು ಹೋದರು. ಅಕ್ಟೋಬರ್ ಚಾಟ್ನಿಯ (ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ) ಮಾಲು ಇಳಿಯುವುದರೊಳಗೆ ಗಂಧಕಕ್ಕೆ ಬೇರೆ ಬಾಗಿಲಿನ ಕೋಣೆ ಮಾಡಿಸಬೇಕು, ಅದರ ಕೊಟೇಶನ್ ಇನ್ನೂ ಬರಬೇಕು.